ಕುಲುಮೆಯಿಂದ ಶೋರೂಮಿಗೆ: ಜತ್ತ ಸೀಮೆಯ ಗಾಡಿ ರಿಪೇರಿ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಮೋಟಾರ್ ಸೈಕಲ್ ಕೆಟ್ಟು ನಿಂತರೆ ಮನೆಯ ಅರ್ಧ ಕೆಲಸ ನಿಲ್ಲುತ್ತದೆ. ವಿಸ್ತೀರ್ಣದಲ್ಲಿ ಇದು ಜಿಲ್ಲೆಯ ಅತಿ ದೊಡ್ಡ ತಾಲೂಕು. ಜಿಲ್ಲೆಯ ನೆಲದಲ್ಲಿ ಸುಮಾರು ಕಾಲು ಪಾಲು ಇದೊಂದರದೇ. ಸಹ್ಯಾದ್ರಿಯ ಮಳೆನೆರಳಿನ ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಊರುಗಳ ನಡುವೆ ದೂರ ಹೆಚ್ಚು, ಊರಿನಿಂದ ತೋಟದ ವಸ್ತಿಗಳು ಇನ್ನಷ್ಟು ದೂರ. ಬೆಳಗ್ಗೆ ಸಂಜೆ ಡೇರಿಗೆ ಹಾಲು ಮುಟ್ಟಿಸುವುದು, ದ್ರಾಕ್ಷಿ ದಾಳಿಂಬೆ ತೋಟಕ್ಕೆ ಔಷಧ ತರುವುದು, ಕುರಿಗೆ ಮೇವು ಹೇರುವುದು, ಮಕ್ಕಳನ್ನು ಶಾಲೆಗೆ ಬಿಡುವುದು, ಎಲ್ಲವೂ ಎರಡು ಗಾಲಿಯ ಮೇಲೆಯೇ. ಆ ಗಾಡಿಯನ್ನು ಕಂಪನಿಯ ಶೋರೂಮಿನಲ್ಲಿ ರಿಪೇರಿಗೆ ಬಿಟ್ಟು ದಿನಗಟ್ಟಲೆ ಕಾಯುವ ಬೇಸರ ಈಗ ತಾಲೂಕಿನ ಯಾವ ಚಹಾದಂಗಡಿಯಲ್ಲಾದರೂ ಕೇಳಿಬರುವ ಮಾತು. ಈ ಕಾಯುವಿಕೆ ಹಳೆಯದಲ್ಲ. ರಿಪೇರಿಯ ಕೆಲಸ ಊರಿನ ಕೈಯಿಂದ ಜಾರಿ ದೂರಕ್ಕೆ ಸರಿದಂತೆ ಅದು ಬೆಳೆಯುತ್ತ ಬಂದಿದೆ.

ಜತ್ತ ಮೊದಲು ಡಫಳೆ ಮನೆತನದ ಚಿಕ್ಕ ಸಂಸ್ಥಾನ. ಬ್ರಿಟಿಷರ ಕಾಲದಲ್ಲಿ ಅದರ ಮೇಲ್ವಿಚಾರಣೆ ಬಿಜಾಪುರ ಏಜೆನ್ಸಿಯ ಕೈಯಲ್ಲಿತ್ತು. ಪಕ್ಕದ ಡಫಳಾಪುರ 1917ರಲ್ಲಿ ಅದರೊಳಗೆ ಸೇರಿತು. ಆಡಳಿತ, ಪೇಟೆ, ಬೀಗತನ ಎಲ್ಲದರಲ್ಲೂ ಬಿಜಾಪುರದ ನಂಟು ಗಟ್ಟಿಯಾಗಿತ್ತು. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಗಿ, ಮರುವರ್ಷ ಹುಟ್ಟಿದ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. 1960ರಲ್ಲಿ ಆ ಜಿಲ್ಲೆಯೇ ಸಾಂಗ್ಲಿ ಎಂದಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬಿಜಾಪುರ ಮೈಸೂರು ರಾಜ್ಯಕ್ಕೆ ಹೋಯಿತು, ಜತ್ತ ಮುಂಬಯಿ ರಾಜ್ಯದಲ್ಲೇ ಉಳಿಯಿತು. ಉಮದಿ, ಸಂಖ, ಜಾಡರಬೋಬಲಾದ, ಮಾಡಗ್ಯಾಳ, ಗುಡ್ಡಾಪುರದಂಥ ಪೂರ್ವಭಾಗದ ಊರುಗಳಲ್ಲಿ ಮನೆಮಾತು ಕನ್ನಡ. ಜಿಲ್ಲಾ ಕೇಂದ್ರವಾದ ಸಾಂಗ್ಲಿ ಉಮದಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ, ಹಿಂದಿನ ಬಿಜಾಪುರವಾದ ವಿಜಯಪುರ ಅದರ ಅರ್ಧಕ್ಕಿಂತ ಕಡಿಮೆ ದಾರಿ. ಗಾಡಿ ರಿಪೇರಿಯ ಕಥೆಯಲ್ಲಿ ಈ ಅಂತರಗಳಿಗೆ ದೊಡ್ಡ ಪಾಲಿದೆ.

ಮೋಟಾರು ಬರುವ ಮೊದಲು ಇಲ್ಲಿ ಗಾಡಿ ಎಂದರೆ ಎತ್ತಿನ ಗಾಡಿ. ಅದರ ರಿಪೇರಿ ಆಯದ ಪದ್ಧತಿಯಲ್ಲಿ ನಡೆಯುತ್ತಿತ್ತು. ಊರಿನ ಬಡಿಗ ಮತ್ತು ಕಂಬಾರ ವರ್ಷವಿಡೀ ರೈತರ ಗಾಡಿ, ನೇಗಿಲು, ಕೂರಿಗೆಗಳನ್ನು ನೋಡಿಕೊಳ್ಳುತ್ತಿದ್ದರು. ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಜೋಳ ಒಯ್ಯುತ್ತಿದ್ದರು. ಪ್ರತಿ ರಿಪೇರಿಗೂ ಬೇರೆ ಬೇರೆ ಲೆಕ್ಕವಿರಲಿಲ್ಲ. ಗಾಲಿಯ ಕಬ್ಬಿಣದ ಹಳಿ ಸಡಿಲಾದರೆ ಕಂಬಾರ ಅದನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಇಕ್ಕುಳಗಳಲ್ಲಿ ಎತ್ತಿ ಕಟ್ಟಿಗೆಯ ಗಾಲಿಗೆ ಕೂರಿಸಿ, ಕೂಡಲೇ ನೀರು ಸುರಿಯುತ್ತಿದ್ದ. ಹಳಿ ತಣಿದು ಕುಗ್ಗಿ ಗಾಲಿಯನ್ನು ಬಿಗಿದುಕೊಳ್ಳುತ್ತಿತ್ತು. ಬಿತ್ತನೆಯ ಹದ ಬಂದಾಗ ಈ ಕೆಲಸವನ್ನು ನಾಳೆಗೆ ಹಾಕುವಂತಿರಲಿಲ್ಲ, ಏಕೆಂದರೆ ಬೆಳೆ ಬಂದರಷ್ಟೇ ಕಂಬಾರನಿಗೂ ಕಾಳು. ಜಾತಿಯ ಕಟ್ಟುಪಾಡಿಗೆ ಬಿದ್ದ ಈ ಪದ್ಧತಿಯಲ್ಲಿ ಕುಶಲಕರ್ಮಿಗೆ ಅನ್ಯಾಯವೂ ಇತ್ತು. ಅದನ್ನು ಮರೆತು ಹೊಗಳುವುದು ಸರಿಯಲ್ಲ. ಆದರೆ ಗಾಡಿ ಬಳಸುವವನ ಹಂಗಾಮು ರಿಪೇರಿ ಮಾಡುವವನ ಹಂಗಾಮೂ ಆಗಿತ್ತು.

ಹೊಸ ಯಂತ್ರಗಳ ಕಾಲಕ್ಕೆ ಈ ಸೀಮೆಯನ್ನು ಒಯ್ದ ಹೆಸರು ಕಿರ್ಲೋಸ್ಕರ್. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು ಮಾರಾಟ, ರಿಪೇರಿ ಎರಡನ್ನೂ ಮಾಡಿದರು. ಮುಂದೆ ಔಂಧ ಸಂಸ್ಥಾನದ ರಾಜರು ಕೊಟ್ಟ ಬರಡು ನೆಲದಲ್ಲಿ 1910ರಲ್ಲಿ ಕಾರ್ಖಾನೆ ಕಟ್ಟಿದರು. ಅದೇ ಇಂದಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿ. ಅಲ್ಲಿಂದ ಬಂದ ಕಬ್ಬಿಣದ ನೇಗಿಲು, ಮೇವು ಕತ್ತರಿಸುವ ಯಂತ್ರ, ಕಬ್ಬಿನ ಗಾಣಗಳು ರೈತನಿಗೆ ಹೊಸದೊಂದು ಪಾಠ ಕಲಿಸಿದವು: ಕೆಟ್ಟದ್ದನ್ನು ಊರಿನಲ್ಲೇ ಕಾಯಿಸಿ ಬಡಿದು ಸರಿಮಾಡುವ ಬದಲು ಅಳತೆಗೆ ತಕ್ಕ ಬಿಡಿಭಾಗ ತಂದು ಹಾಕಬೇಕು. ಆಯಿಲ್ ಇಂಜಿನ್ನುಗಳು ಬಾವಿಯ ಮೇಲೆ ಕೂತಾಗ ಅವುಗಳನ್ನು ಬಿಚ್ಚಿ ಜೋಡಿಸುವ ಫಿಟ್ಟರುಗಳು ತಯಾರಾದರು. ಪಿಸ್ಟನ್, ರಿಂಗು, ಬೇರಿಂಗುಗಳ ಪರಿಚಯ ಹಳ್ಳಿಗೆ ಆದದ್ದು ಇಂಥ ಇಂಜಿನ್ನುಗಳಿಂದ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಫಟಫಟಿ ಇದ್ದದ್ದು ಬೆರಳೆಣಿಕೆಯ ಮಂದಿಯ ಬಳಿ. ಮದ್ರಾಸಿನಲ್ಲಿ 1955ರಿಂದ ಬುಲೆಟ್ ಜೋಡಣೆ ಶುರುವಾಯಿತು. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಆರಂಭಿಸಿತು. ಅದರ ಗಾಡಿಗಳು 1973ರಿಂದ ಯೆಜ್ಡಿ ಹೆಸರಿನಲ್ಲಿ ಬಂದವು. ಪೋಲಂಡಿನ ಮಾದರಿಯನ್ನು ಆಧರಿಸಿದ ಎಸ್ಕಾರ್ಟ್ಸ್ ಕಂಪನಿಯ ರಾಜದೂತ್ ಹಾಲಿನವರ ಮೆಚ್ಚಿನ ಗಾಡಿಯಾಯಿತು. ಎರಡೂ ಬದಿಗೆ ಕ್ಯಾನು ತೂಗುಹಾಕಿದರೂ ಜಗ್ಗುತ್ತಿರಲಿಲ್ಲ. ಆಗಿನ ಕಾಯುವಿಕೆ ರಿಪೇರಿಗಾಗಿ ಅಲ್ಲ, ಗಾಡಿಗಾಗಿ. ಲೈಸೆನ್ಸ್ ಪದ್ಧತಿಯಿಂದ ಉತ್ಪಾದನೆಗೆ ಮಿತಿಯಿತ್ತು. ಬಜಾಜ್ ಸ್ಕೂಟರಿಗೆ ಹಣ ಕಟ್ಟಿದವರು ಹಲವು ವರ್ಷ ಪಾಳಿ ಕಾಯಬೇಕಿತ್ತು. ಏಜೆನ್ಸಿಗಳು ಸಾಂಗ್ಲಿ, ಕೊಲ್ಹಾಪುರ, ಸೊಲ್ಲಾಪುರ, ಬಿಜಾಪುರದಂಥ ದೊಡ್ಡ ಪೇಟೆಗಳಲ್ಲಿದ್ದವು. ಬುಕಿಂಗ್ ಮಾಡಿ ಗಾಡಿ ತರಲು ಅಲ್ಲಿಗೆ ಹೋಗುತ್ತಿದ್ದವರು ಆಮೇಲೆ ಆ ಕಡೆ ತಲೆ ಹಾಕುತ್ತಿದ್ದುದು ಕಡಿಮೆ. ರಿಪೇರಿಗೆ ಊರಿನ ಅಥವಾ ತಾಲೂಕು ಪೇಟೆಯ ಮಿಸ್ತ್ರಿ ಇದ್ದ.

ಆ ಮಿಸ್ತ್ರಿಯ ಕೆಲಸ ಸಾಧ್ಯವಾಗಿದ್ದು ಬಹುಮಟ್ಟಿಗೆ ಜಾವಾ, ರಾಜದೂತ್ ಗಾಡಿಗಳ ಟೂ ಸ್ಟ್ರೋಕ್ ಇಂಜಿನ್ನಿನ ಸರಳ ರಚನೆಯಿಂದ. ಅದಕ್ಕೆ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಆಯಿಲನ್ನು ಪೆಟ್ರೋಲಿಗೇ ಬೆರೆಸುತ್ತಿದ್ದರಿಂದ ಸೈಲೆನ್ಸರು ಮತ್ತು ಸಿಲಿಂಡರಿನ ರಂಧ್ರಗಳಲ್ಲಿ ಮಸಿ ಕಟ್ಟುತ್ತಿತ್ತು. ಅದನ್ನು ಕೆರೆದು ತೆಗೆದರೆ ಗಾಡಿಗೆ ಮತ್ತೆ ಎಳೆತ ಬರುತ್ತಿತ್ತು. ಗಾಡಿ ಸ್ಟಾರ್ಟ್ ಆಗದಿದ್ದರೆ ಮಿಸ್ತ್ರಿ ಮೊದಲು ಪ್ಲಗ್ ಬಿಚ್ಚಿ, ಅದನ್ನು ಸಿಲಿಂಡರಿನ ಮೈಗೆ ತಾಗಿಸಿ ಹಿಡಿದು ಕಿಕ್ ಹೊಡೆಸುತ್ತಿದ್ದ. ನೀಲಿ ಕಿಡಿ ಹಾರಿದರೆ ದೋಷ ಕಾರ್ಬೊರೇಟರಿನದು. ಕಿಡಿ ಮಂಕಾಗಿದ್ದರೆ ಮ್ಯಾಗ್ನೆಟ್ಟಿನ ಮುಚ್ಚಳ ತೆಗೆದು ಕಿಡಿ ಹುಟ್ಟಿಸುವ ಪಾಯಿಂಟು ನೋಡುತ್ತಿದ್ದ. ಸುಟ್ಟ ತುದಿಗಳನ್ನು ಪಾಲಿಷ್ ಕಾಗದದಿಂದ ಉಜ್ಜಿ, ಅವುಗಳ ನಡುವಿನ ಸಂದನ್ನು ಅರ್ಧ ಮಿಲಿಮೀಟರಿಗೂ ಕಡಿಮೆ ಮಾಡಿ ಕೂರಿಸಬೇಕು. ಅದಕ್ಕೆ ಫೀಲರ್ ಗೇಜ್ ಎಂಬ ಅಳತೆಪಟ್ಟಿ ಇದೆ. ಅದಿಲ್ಲದವರು ಸಿಗರೇಟು ಪ್ಯಾಕಿನ ರಟ್ಟಿನ ತುಂಡನ್ನು ಸಂದಿನಲ್ಲಿ ತೂರಿಸಿ, ಅದು ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಜಾರಿದಾಗ ಸ್ಕ್ರೂ ಬಿಗಿಯುತ್ತಿದ್ದರು. ಗಾಡಿಯವನು ಪಕ್ಕದಲ್ಲೇ ಕುಂತು ಇದನ್ನೆಲ್ಲ ನೋಡುತ್ತಿದ್ದ, ನೋಡಿ ಕಲಿಯುತ್ತಿದ್ದ. ಜಾವಾ ಗಾಡಿಯಲ್ಲಿ ಗೇರಿನ ಕಡ್ಡಿಯೇ ಕಿಕ್ಕಿನ ಕಡ್ಡಿ. ಅದನ್ನು ಬಿಚ್ಚಿ ಹಾಕಲು ಗೊತ್ತಿದ್ದ ಹುಡುಗನಿಗೆ ಊರಲ್ಲಿ ಮರ್ಯಾದೆ ಇತ್ತು.

ಎಲ್ಲ ರಿಪೇರಿಯೂ ಊರಿನಲ್ಲೇ ಮುಗಿಯುತ್ತಿತ್ತು ಎಂದಲ್ಲ. ಪಿಸ್ಟನ್ ಸವೆದು ಇಂಜಿನ್ ಹೊಗೆ ಉಗುಳತೊಡಗಿದರೆ ಬೋರ್ ಮಾಡಿಸಬೇಕು. ಸಿಲಿಂಡರನ್ನು ಲೇಥಿನ ಅಂಗಡಿಗೆ ಒಯ್ದು ಒಳಮೈಯನ್ನು ಕಾಲು ಮಿಲಿಮೀಟರಿನಷ್ಟು ಹಿಗ್ಗಿಸಿ, ಅಷ್ಟೇ ದಪ್ಪ ಹೆಚ್ಚಿರುವ ಪಿಸ್ಟನ್ ಹಾಕಬೇಕು. ಅಂಥ ಲೇಥುಗಳು ದೊಡ್ಡ ಪೇಟೆಯಲ್ಲಿದ್ದವು. ಬಿಚ್ಚಿದ ಸಿಲಿಂಡರನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಸರ್ಕಾರಿ ಎಸ್‌ಟಿ ಬಸ್ಸು ಹತ್ತಿದವರು ಸಂಜೆಗೆ ಅಥವಾ ಮರುದಿನ ತಿರುಗಿ ಬರುತ್ತಿದ್ದರು. ತಡ ಆಗಲೂ ಇತ್ತು. ಆದರೆ ಎಲ್ಲಿ, ಯಾಕೆ, ಎಷ್ಟು ತಡ ಎಂಬುದು ಗಾಡಿಯವನಿಗೆ ತಿಳಿದಿರುತ್ತಿತ್ತು. ಇಂದಿನ ಬೇಸರದಲ್ಲಿ ಹೆಚ್ಚಿನ ಪಾಲು ಇದು ತಿಳಿಯದೆ ಹುಟ್ಟುವಂಥದ್ದು.

ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಸಣ್ಣ ಗಾಡಿಗಳು ಬಂದವು. 1972ರಲ್ಲಿ ಪುಣೆಯ ಕೈನೆಟಿಕ್ ಇಂಜಿನಿಯರಿಂಗ್ ಲೂನಾ ತಂದಿತು, 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಬಂತು. ಲೂನಾ ಬಂದ ವರ್ಷವೇ ಮಹಾರಾಷ್ಟ್ರ ಕಂಡ ಅತಿ ಕೆಟ್ಟ ಬರಗಳಲ್ಲೊಂದು ಬಿದ್ದಿತ್ತು. ಹೀಗಾಗಿ ಜತ್ತ ಭಾಗದಲ್ಲಿ ಗಾಡಿ ಕೊಳ್ಳುವ ಶಕ್ತಿ ನಿಧಾನವಾಗಿ ಕೂಡಿಬಂತು. ನಿಜವಾದ ತಿರುವು 1984ರಿಂದ 1986ರ ನಡುವಿನದು. ಇಂಡ್ ಸುಜುಕಿ, ಹೀರೊ ಹೋಂಡಾ ಸಿಡಿ 100, ಯಮಾಹಾ ಆರ್‌ಎಕ್ಸ್ 100, ಕವಾಸಾಕಿ ಬಜಾಜ್ ಒಂದರ ಹಿಂದೊಂದು ಬಂದವು. ಇವುಗಳಲ್ಲಿ ಸಿಡಿ 100 ಫೋರ್ ಸ್ಟ್ರೋಕ್ ಗಾಡಿ; ಪೆಟ್ರೋಲಿಗೆ ಆಯಿಲ್ ಬೆರೆಸಬೇಕಿಲ್ಲ, ಮೈಲೇಜ್ ಹೆಚ್ಚು, ಮಸಿಯ ಕಾಟ ಇಲ್ಲ. 1994ರಲ್ಲಿ ಅದೇ ದಾರಿಯಲ್ಲಿ ಬಂದ ಸ್ಪ್ಲೆಂಡರ್ ಹಳ್ಳಿಹಳ್ಳಿಯ ಗಾಡಿಯಾಯಿತು. ಪಾಯಿಂಟಿನ ಜಾಗದಲ್ಲಿ ಕ್ರಮೇಣ ಸಿಡಿಐ ಎಂಬ ಮುಚ್ಚಿದ ಪೆಟ್ಟಿಗೆ ಕೂತಿತು. ಅದನ್ನು ರಿಪೇರಿ ಮಾಡಲು ಬರುವುದಿಲ್ಲ, ಬದಲಿಸಬೇಕಷ್ಟೆ. ಮಿಸ್ತ್ರಿಯ ವಿದ್ಯೆಯಿಂದ ಒಂದು ಭಾಗ ಆಗಲೇ ಕಳಚಿಹೋಯಿತು. ಗಾಡಿ ಅಪರೂಪಕ್ಕೆ ಕೆಡುತ್ತಿದ್ದುದರಿಂದ ಯಾರೂ ಅದನ್ನು ನಷ್ಟವೆಂದು ಬಗೆಯಲಿಲ್ಲ.

ಗಾಡಿಗಳ ಸಂಖ್ಯೆ ಬೆಳೆದಂತೆ ಕಂಪನಿಗಳು ಹೊಸ ವ್ಯವಸ್ಥೆ ತಂದವು. ಮಾರಾಟ, ಸರ್ವಿಸ್, ಬಿಡಿಭಾಗ ಮೂರೂ ಒಂದೇ ಡೀಲರಿನ ಸೂರಿನಡಿ ಬಂದವು. ಮಾಲೀಕನ ಪುಸ್ತಕದಲ್ಲಿ ಉಚಿತ ಸರ್ವಿಸಿನ ಕೂಪನ್ನುಗಳು. ಗೊತ್ತಾದ ಕಿಲೋಮೀಟರಿಗೆ ಅವನ್ನು ಹರಿಸಿಕೊಂಡು ಬರಬೇಕು, ಇಲ್ಲವಾದರೆ ವಾರಂಟಿಗೆ ತೊಡಕು. ಸಾಲದ ಮೇಲೆ ಗಾಡಿ ಸಿಗತೊಡಗಿದ ಮೇಲೆ ಕೊಳ್ಳುವವರು ಇಮ್ಮಡಿ ಮುಮ್ಮಡಿಯಾದರು. ಜತ್ತ ಪಟ್ಟಣಕ್ಕೆ ಶೋರೂಮುಗಳು ಬಂದವು. ದೊಡ್ಡ ಹಳ್ಳಿಗಳಲ್ಲಿ ಸಬ್ ಡೀಲರುಗಳು ಹುಟ್ಟಿಕೊಂಡರು. ಸಬ್ ಡೀಲರಿನ ಅಂಗಡಿಯಲ್ಲಿ ಗಾಡಿ ಕೊಳ್ಳಬಹುದು, ಸಾಲದ ಕಾಗದ ಮಾಡಿಸಬಹುದು. ವಾರಂಟಿಯ ದೊಡ್ಡ ಕೆಲಸ ಬಂದರೆ ಮುಖ್ಯ ಡೀಲರಿನ ಕಡೆಗೇ ಹೋಗಬೇಕು. ಮಾರಾಟ ಊರಿನ ಬಾಗಿಲಿಗೆ ಬಂತು, ರಿಪೇರಿ ಅದರ ಜೊತೆಗೆ ಬರಲಿಲ್ಲ. ಕಾಯುವಿಕೆಯ ಬೇರು ಈ ಅಸಮತೋಲದಲ್ಲಿದೆ. ಶೋರೂಮಿನ ಹುಡುಗರನ್ನು ಸೋಮಾರಿಗಳೆಂದು ಬೈದು ಮುಗಿಸುವುದು ನ್ಯಾಯವಲ್ಲ.

ಶೋರೂಮಿನ ವರ್ಕ್‌ಶಾಪಿನಲ್ಲಿ ತಡವಾಗುವ ಬಗೆ ಹೀಗೆ. ಗಾಡಿ ಬಂದ ಕೂಡಲೇ ಜಾಬ್ ಕಾರ್ಡ್ ಬರೆಯುತ್ತಾರೆ. ಬರೆಯುವವನು ಸೂಪರ್‌ವೈಸರ್, ಗಾಡಿ ಮುಟ್ಟುವವನು ಬೇರೆ ಮೆಕ್ಯಾನಿಕ್. ಗಾಡಿಯವನು ಹೇಳಿದ ಸದ್ದು, ಜರ್ಕು ಕಾರ್ಡಿನ ಅರ್ಧ ಸಾಲಿಗೆ ಇಳಿದು ಮೆಕ್ಯಾನಿಕ್‌ಗೆ ಮುಟ್ಟುತ್ತದೆ. ಕನ್ನಡದಲ್ಲಿ ಹೇಳಿದ ದೂರು ಮರಾಠಿಯಲ್ಲಿ ಕೇಳಿಸಿಕೊಂಡು ಇಂಗ್ಲಿಷ್ ಅಕ್ಷರದಲ್ಲಿ ದಾಖಲಾಗುವಾಗ ಇನ್ನಷ್ಟು ಸೋರಿಹೋಗುತ್ತದೆ. ಬೇಕಾದ ಭಾಗ ಸ್ಟಾಕಿನಲ್ಲಿ ಇಲ್ಲದಿದ್ದರೆ ಕಂಪನಿಯ ಡಿಪೊಗೆ ಆರ್ಡರ್ ಹೋಗುತ್ತದೆ. ಅಪರೂಪಕ್ಕೆ ಕೆಡುವ ದುಬಾರಿ ಭಾಗಗಳನ್ನು ಚಿಕ್ಕ ಡೀಲರ್ ಇಟ್ಟುಕೊಳ್ಳುವುದಿಲ್ಲ, ಬಂಡವಾಳ ಸಿಕ್ಕಿಬೀಳುತ್ತದೆ. ವಾರಂಟಿಯ ಕೆಲಸವಾದರೆ ಕಂಪನಿಯ ಒಪ್ಪಿಗೆ ಬರುವವರೆಗೆ ಇಂಜಿನ್ ಬಿಚ್ಚಿದ್ದು ಬಿಚ್ಚಿದ ಹಾಗೇ. "ಪಾರ್ಟ್ ಬಂದಿಲ್ಲರೀ, ನಾಳಿಗೆ ಫೋನ್ ಮಾಡ್ರಿ" ಎಂಬ ಮಾತು ಇಲ್ಲಿಂದ ಶುರು. ಕೆಲಸ ಕಲಿತ ಹುಡುಗರು ಹೆಚ್ಚಿನ ಪಗಾರಕ್ಕೆ ಪುಣೆ, ಕೊಲ್ಹಾಪುರದ ಕಡೆ ಹೊರಟರೆ ಅವರ ಜಾಗಕ್ಕೆ ಹೊಸಬರನ್ನು ತಯಾರು ಮಾಡಬೇಕು.

ಹಬ್ಬದ ಗದ್ದಲ ಇದಕ್ಕೆ ಸೇರುತ್ತದೆ. ದಸರೆ, ದೀಪಾವಳಿಯ ಪಾಡ್ಯ, ಯುಗಾದಿಗೆ ಹೊಸ ಗಾಡಿಗಳು ಒಟ್ಟಿಗೆ ಹೊರಬೀಳುತ್ತವೆ. ತಿಂಗಳೊಪ್ಪತ್ತಿನಲ್ಲಿ ಅವೆಲ್ಲವೂ ಮೊದಲ ಉಚಿತ ಸರ್ವಿಸಿಗೆ ಒಟ್ಟಿಗೇ ಬರುತ್ತವೆ. ದಸರೆ, ದೀಪಾವಳಿಯ ಹೊತ್ತಿಗೇ ಕಬ್ಬು ಕಡಿಯಲು ಜಿಲ್ಲೆಯ ಪಶ್ಚಿಮಕ್ಕೂ ಕೊಲ್ಹಾಪುರಕ್ಕೂ ಹೋಗುವವರು ಹೊರಡುವ ಮೊದಲು ಗಾಡಿ ಸಜ್ಜು ಮಾಡಿಸಬೇಕು. ಉಚಿತ ಸರ್ವಿಸು ಮತ್ತು ದುಡ್ಡಿನ ರಿಪೇರಿ ಒಂದೇ ಸಾಲಿನಲ್ಲಿ ನಿಂತಾಗ ಹಾಲಿನವನ ಕೆಟ್ಟ ಗಾಡಿಗೆ ಬೇರೆ ಪಾಳಿ ಇರುವುದಿಲ್ಲ. ಹಾಲಿನ ಲೆಕ್ಕ ಬೇರೆಯೇ: ಒಂದು ಹೊತ್ತು ಡೇರಿಗೆ ಮುಟ್ಟದಿದ್ದರೆ ಹಾಲು ಒಡೆಯುತ್ತದೆ, ಅಥವಾ ನೆರೆಯವನ ಗಾಡಿಯ ಉಪಕಾರಕ್ಕೆ ಬೀಳಬೇಕು. ಬಸ್ಸನ್ನು ನೆಚ್ಚುವಂತೆಯೂ ಇಲ್ಲ. 2021ರ ಅಕ್ಟೋಬರ್ ಕೊನೆಯಿಂದ 2022ರ ಏಪ್ರಿಲ್‌ವರೆಗೆ ಎಸ್‌ಟಿ ನೌಕರರ ಮುಷ್ಕರ ನಡೆದಾಗ ಮಹಾರಾಷ್ಟ್ರದ ಹಳ್ಳಿಗಳಿಗೆ ಸ್ವಂತ ಗಾಡಿಯೇ ಗತಿಯಾಯಿತು.

ಗಡಿಯ ತೊಡಕು ಈ ತಾಲೂಕಿನ ವಿಶೇಷ. ಸರಕು ಮತ್ತು ಸೇವಾ ತೆರಿಗೆ 2017ರ ಜುಲೈನಲ್ಲಿ ಬರುವವರೆಗೆ ರಾಜ್ಯದಿಂದ ರಾಜ್ಯಕ್ಕೆ ಮಾರುವ ಸರಕಿನ ಮೇಲೆ ಕೇಂದ್ರ ಮಾರಾಟ ತೆರಿಗೆ ಬೀಳುತ್ತಿತ್ತು. ಅದನ್ನು ತಪ್ಪಿಸಲು ಕಂಪನಿಗಳು ರಾಜ್ಯಕ್ಕೊಂದು ಡಿಪೊ ಇಟ್ಟು, ಡೀಲರುಗಳನ್ನು ತಂತಮ್ಮ ರಾಜ್ಯದ ಡಿಪೊಗಳಿಗೆ ಕಟ್ಟಿಹಾಕಿದ್ದವು. ವಿಜಯಪುರದ ಅಂಗಡಿಯಲ್ಲಿ ಇರುವ ಭಾಗ ಜತ್ತದ ಡೀಲರಿಗೆ ಕಂಪನಿಯ ದಾರಿಯಲ್ಲಿ ಸಿಗುತ್ತಿರಲಿಲ್ಲ. ಗ್ರಾಹಕ ತಾನೇ ಹೋಗಿ ಕೊಂಡು ತಂದರೆ ಉಂಟು. ತೆರಿಗೆ ಬದಲಾದರೂ ಡೀಲರುಗಳ ಗೆರೆಗಳು ಬಹುಮಟ್ಟಿಗೆ ಹಾಗೇ ಉಳಿದವು. ಸಾಂಗ್ಲಿಯ ಎಂಎಚ್ 10 ನಂಬರಿನ ಗಾಡಿಗಳು ಸರ್ವಿಸಿಗಾಗಿ ವಿಜಯಪುರದ ಕೆಎ 28ರ ಗಾಡಿಗಳ ಸಾಲಿನಲ್ಲಿ ನಿಲ್ಲುವುದು ಪೂರ್ವಭಾಗದವರಿಗೆ ಸಹಜ: ದಾರಿ ಹತ್ತಿರ, ಮಾತು ಕನ್ನಡ, ದವಾಖಾನೆ ಮತ್ತು ಸಂತೆಯ ಕೆಲಸವೂ ಒಟ್ಟಿಗೆ ಮುಗಿಯುತ್ತದೆ.

ಊರಿನ ಗ್ಯಾರೇಜಿನಿಂದ ರಿಪೇರಿಯನ್ನು ಇನ್ನಷ್ಟು ದೂರ ಮಾಡಿದ್ದು ಹೊಗೆಯ ನಿಯಮಗಳು. ಭಾರತ್ ಸ್ಟೇಜ್ 3 (ಬಿಎಸ್ 3) ಎಂಬ ಹೊಗೆಮಿತಿಯ ಗಾಡಿಗಳ ಮಾರಾಟವನ್ನು ಸುಪ್ರೀಂ ಕೋರ್ಟ್ 2017ರ ಏಪ್ರಿಲ್ 1ರಿಂದ ನಿಲ್ಲಿಸಿತು. 2020ರ ಏಪ್ರಿಲ್ 1ರಿಂದ ಬಿಎಸ್ 6 ಕಡ್ಡಾಯವಾಯಿತು. ಗಾಳಿ ಶುದ್ಧವಾಗಬೇಕೆಂಬ ಉದ್ದೇಶ ಒಳ್ಳೆಯದೇ, ನಿಯಮ ಬೇಕಾಗಿತ್ತು. ಆದರೆ ಅದರೊಂದಿಗೆ ಹೆಚ್ಚಿನ ಗಾಡಿಗಳಲ್ಲಿ ಕಾರ್ಬೊರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಟ್ಯಾಂಕಿನೊಳಗೆ ವಿದ್ಯುತ್ ಪಂಪು, ಸೈಲೆನ್ಸರಿನ ಕೊಳವೆಯಲ್ಲಿ ಆಕ್ಸಿಜನ್ ಸೆನ್ಸರ್, ಎಲ್ಲದರ ಮೇಲೆ ಇಸಿಯು ಎಂಬ ಪುಟ್ಟ ಕಂಪ್ಯೂಟರ್. ದೋಷ ಕಂಡರೆ ಮೀಟರಿನಲ್ಲಿ ಇಂಜಿನ್ನಿನ ಆಕಾರದ ಹಳದಿ ದೀಪ ಹತ್ತಿ ಉಳಿಯುತ್ತದೆ. ಕಾರಣ ತಿಳಿಯಲು ಸಾಮಾನ್ಯವಾಗಿ ಸೀಟಿನ ಕೆಳಗಿರುವ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿ ಕೋಡ್ ಓದಬೇಕು, ಭಾಗ ಬದಲಿಸಿದ ಮೇಲೆ ಕೋಡ್ ಅಳಿಸಬೇಕು. ಬ್ಯಾಟರಿ ಸತ್ತರೆ ಪಂಪು ತಿರುಗದು. ಹಳೆಯ ಗಾಡಿಯಂತೆ ತಳ್ಳಿ ಸ್ಟಾರ್ಟ್ ಮಾಡುವುದು ಹಲವು ಮಾದರಿಗಳಲ್ಲಿ ಆಗದ ಮಾತು. ನಲವತ್ತು ವರ್ಷದ ಅನುಭವವಿರುವ ಮಿಸ್ತ್ರಿಯೂ ಈ ದೀಪದ ಮುಂದೆ ಗಾಡಿಯನ್ನು ಶೋರೂಮಿಗೆ ಒಯ್ಯಲು ಹೇಳಬೇಕಾಯಿತು. 2020ರಲ್ಲೇ ಮಾರ್ಚ್ 25ರಿಂದ ಕೊರೊನಾ ಲಾಕ್‌ಡೌನ್, ಮರುವರ್ಷ ಜಗತ್ತಿನಾದ್ಯಂತ ಚಿಪ್ಪುಗಳ ಕೊರತೆ. ಬಿಡಿಭಾಗಗಳ ಪೂರೈಕೆ ಇನ್ನೂ ಅನಿಶ್ಚಿತವಾಯಿತು.

ವಿದ್ಯುತ್ ಗಾಡಿಗಳಲ್ಲಿ ರಿಪೇರಿ ಊರಿನಿಂದ ಇನ್ನೊಂದು ಹೆಜ್ಜೆ ದೂರ ಹೋಯಿತು. ಅವುಗಳ ಕೆಲವು ದೋಷಗಳು ತಂತ್ರಾಂಶದವು, ಊರಿನ ಗ್ಯಾರೇಜಿಗೆ ಅಲ್ಲಿ ಪ್ರವೇಶವೇ ಇಲ್ಲ. 2023ರ ಸೆಪ್ಟೆಂಬರಿನಿಂದ ಒಂದು ವರ್ಷದಲ್ಲಿ ಓಲಾ ಎಲೆಕ್ಟ್ರಿಕ್ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ 10,644 ದೂರುಗಳು ಬಂದವು. ಅವುಗಳಲ್ಲಿ 3,389 ಸರ್ವಿಸಿನ ವಿಳಂಬದವು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ನೋಟಿಸ್ ಕೊಟ್ಟಿತು. ಬಹುತೇಕ ಎಲ್ಲ ದೂರುಗಳನ್ನೂ ಬಗೆಹರಿಸಿದ್ದಾಗಿ ಕಂಪನಿ ಉತ್ತರಿಸಿತು. ಸರ್ವಿಸಿನ ವಿಳಂಬ ದೇಶದ ಮಟ್ಟದಲ್ಲಿ ಎಣಿಕೆಗೆ ಸಿಕ್ಕ ದೊಡ್ಡ ಪ್ರಕರಣ ಇದು.

ಬಿಡಿಭಾಗ ಮತ್ತು ಮಾಹಿತಿಯನ್ನು ಕಂಪನಿಗಳು ತಮ್ಮ ಡೀಲರುಗಳಲ್ಲೇ ಕಟ್ಟಿಡುವುದು ಸರಿಯೇ ಎಂಬ ಪ್ರಶ್ನೆ ಕಾರುಗಳ ವಿಷಯದಲ್ಲಿ ಮೊದಲು ತೀರ್ಪಿಗೆ ಬಂತು. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನು ಮುಕ್ತ ಪೇಟೆಗೆ ಬಿಡಬೇಕು, ಹೊರಗಿನ ಗ್ಯಾರೇಜಿಗೆ ಒಯ್ದ ಮಾತ್ರಕ್ಕೆ ವಾರಂಟಿ ರದ್ದು ಮಾಡಕೂಡದು ಎಂದು ಆದೇಶಿಸಿತು. ಪ್ರಕರಣ ಮೇಲ್ಮನವಿಗೆ ಹೋಯಿತು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಆ ಡಿಸೆಂಬರಿನಲ್ಲಿ ಒಂದು ಜಾಲತಾಣ ತೆರೆಯಿತು. ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ಸಾಧನಗಳ ಜೊತೆ ವಾಹನಗಳೂ ಅದರಲ್ಲಿವೆ. ಸ್ಕ್ಯಾನರಿನ ಕೋಡುಗಳು ಮತ್ತು ಬಿಡಿಭಾಗಗಳು ಊರಿನ ಮಿಸ್ತ್ರಿಗೆ ಸಿಗುವವರೆಗೆ ಈ ಹಕ್ಕು ಜತ್ತದಂಥ ಕಡೆ ಮುಟ್ಟಿತೆನ್ನಲಾಗದು.

ಗಡಿಯವರಿಗೆ ನೇರವಾಗಿ ಒದಗಿದ ಬದಲಾವಣೆ ಗ್ರಾಹಕ ಕಾಯ್ದೆಯದು. 1986ರ ಕಾಯ್ದೆಯಡಿ ದೂರನ್ನು ಎದುರು ಪಕ್ಷದವರು ಇರುವಲ್ಲಿ ಅಥವಾ ತಕರಾರು ಹುಟ್ಟಿದಲ್ಲಿ ಸಲ್ಲಿಸಬೇಕಿತ್ತು. ವಿಜಯಪುರದಲ್ಲಿ ಕೊಂಡು ಅಲ್ಲೇ ಸರ್ವಿಸಿಗೆ ಬಿಟ್ಟ ಗಾಡಿಗೆ ವಿಜಯಪುರಕ್ಕೇ ಅಲೆಯಬೇಕಿತ್ತು. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಕಾಯ್ದೆಯ 34ನೇ ಕಲಮಿನಂತೆ ಗ್ರಾಹಕ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕವಿಲ್ಲ, ಹೆಚ್ಚಿನ ಬೈಕುಗಳು ಈ ಮಿತಿಯೊಳಗೇ ಬರುತ್ತವೆ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು, ಕೈಯಲ್ಲಿ ಕಾಗದ ಇರಬೇಕು. ಬಾಯಿಮಾತಿನಲ್ಲಿ ಗಾಡಿ ಬಿಟ್ಟು ಬರುವ ರೂಢಿಯಿರುವ ಕಡೆ ಜಾಬ್ ಕಾರ್ಡಿನ ಪ್ರತಿ, ಅದರ ಮೇಲೆ ಗಾಡಿ ಬಿಟ್ಟ ತಾರೀಖು, ಕೊಡುತ್ತೇವೆಂದ ತಾರೀಖು ಕೇಳಿ ಬರೆಸಿಕೊಳ್ಳುವವರು ಇನ್ನೂ ಕಡಿಮೆ. ದೂರು ನಿಲ್ಲುವುದು ಅಥವಾ ಬೀಳುವುದು ಈ ಎರಡು ತಾರೀಖುಗಳ ಮೇಲೆ.

ಈಗ ತಾಲೂಕಿನಲ್ಲಿ ಕೆಲಸ ಎರಡು ಪಾಲಾಗಿದೆ. ಚೈನು, ಬ್ರೇಕ್ ಶೂ, ಕ್ಲಚ್ ಪ್ಲೇಟು, ಬೇರಿಂಗು, ಕೇಬಲ್ಲು, ಆಯಿಲ್ ಬದಲಾವಣೆ ಊರಿನ ಗ್ಯಾರೇಜುಗಳಲ್ಲೇ ಆಗುತ್ತವೆ. ವಾರಂಟಿ ಮುಗಿದ ದಿನವೇ ಶೋರೂಮು ಬಿಟ್ಟು ಅಲ್ಲಿಗೆ ಮರಳುವ ಗಾಡಿಗಳು ಬಹಳ. ಸೆನ್ಸರು, ಇಂಜೆಕ್ಟರು, ಇಸಿಯು ಮತ್ತು ವಾರಂಟಿಯ ಕೆಲಸಗಳು ಜತ್ತ, ಸಾಂಗ್ಲಿ ಅಥವಾ ವಿಜಯಪುರದ ಶೋರೂಮಿಗೆ ಹೋಗುತ್ತವೆ. ಹಲವು ಕಂಪನಿಗಳ ಗಾಡಿಗೆ ಹೊಂದುವ ಸ್ಕ್ಯಾನರುಗಳು ಈಗ ಹೊರಪೇಟೆಯಲ್ಲಿ ಸಿಗುತ್ತವೆ. ಅವುಗಳಿಂದ ಕೋಡ್ ಓದುವುದು ಊರಿನ ಮಿಸ್ತ್ರಿಯ ಕೈಗೂ ಬರುವಂಥ ಕೆಲಸ. ಆದರೆ ಕೋಡ್ ಹೇಳಿದ ಭಾಗವನ್ನು ತರಿಸಲು ಅವನೂ ಡೀಲರಿನ ಬಿಡಿಭಾಗದ ಕೌಂಟರಿಗೇ ಹೋಗಬೇಕು, ಗಿರಾಕಿಗಳ ಸಾಲಿನಲ್ಲೇ ನಿಲ್ಲಬೇಕು.